ಕಾರು ಕೆಮ್ಮಿದರೆ ಊರಲ್ಲಿ ಸಾಲ ಮಾಡಬೇಕೆ?

ಕಳೆದ ದೀಪಾವಳಿಯ ಎರಡು ದಿನಗಳ ನಂತರ ಶಿವಮೊಗ್ಗದಿಂದ ತಂಗಿಯ ಕರೆ ಬಂತು. ದನಿಯಲ್ಲಿ ಹಬ್ಬದ ಉತ್ಸಾಹವಿರಲಿಲ್ಲ. "ಅಣ್ಣಾ, ಇವನ ಕಾರು ಕೆಟ್ಟು ನಿಂತಿದೆಯಂತೆ. ರಿಪೇರಿಗೆ ಸಾವಿರದ ಒಂಬೈನೂರು ಡಾಲರ್ ಆಗತ್ತೆ ಅಂದ್ರಂತೆ. ಅಷ್ಟು ಸುರಿಯೋ ಬದಲು ಬೇರೆ ಕಾರೇ ತಗೊಳ್ಳಲಿ ಅಂತಾರೆ ಇವರು. ನನ್ನ ಎರಡು ಜೊತೆ ಬಳೆ ಬ್ಯಾಂಕಲ್ಲಿ ಇಟ್ಟರೆ ಆಗತ್ತೆ. ನೀನೇನಂತೀಯ?"

ಅವಳ ಮಗ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. ಓದಿಗೆ ಮಾಡಿದ ಸಾಲ ಆಗಲೇ ತಲೆಯ ಮೇಲಿದೆ. ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ಗಳಿಕೆಯಲ್ಲಿ ಉಳಿಸಿ, ಒಂದೂವರೆ ಲಕ್ಷ ಮೈಲಿ ಓಡಿದ್ದ 2006ರ ಜಪಾನಿ ಸೆಡಾನೊಂದನ್ನು ಕೊಂಡಿದ್ದ. ಕ್ಯಾಂಟನ್ ಎಂಬ ಉಪನಗರದ ಕನ್ನಡ ಕುಟುಂಬವೊಂದರ ಮನೆಗೆ ಹಬ್ಬದ ಊಟಕ್ಕೆ ಹೊರಟಾಗ, ಮಳೆಯಲ್ಲಿ ಕಾರು ನಡುಗತೊಡಗಿ, 'ಚೆಕ್ ಎಂಜಿನ್' ದೀಪ ಮಿಟುಕಿತಂತೆ. ಅವರ ಮನೆ ಮುಟ್ಟಿತು. ಮರುದಿನ ಪಕ್ಕದ ಬೀದಿಯ ಗ್ಯಾರೇಜಿನವರು ನೋಡಿ ನಾಲ್ಕು ಕಾಯಿಲ್, ನಾಲ್ಕು ಪ್ಲಗ್, ಇಂಜೆಕ್ಟರ್, ಜೊತೆಗೆ 'ಬಹುಶಃ ಕ್ಯಾಟಲಿಟಿಕ್ ಕನ್ವರ್ಟರ್' ಎಂದು ಪಟ್ಟಿ ಬರೆದುಕೊಟ್ಟರು.

ಆ 'ಬಹುಶಃ' ನನ್ನ ಕಿವಿಯಲ್ಲಿ ಉಳಿಯಿತು. ಶನಿವಾರದವರೆಗೆ ಬಳೆ ಮುಟ್ಟಬೇಡ ಎಂದು ತಂಗಿಗೆ ಹೇಳಿದೆ.

ಅಮೆರಿಕಕ್ಕೆ ಬರಲು ಸಿದ್ಧರಾಗುತ್ತಿರುವವರಿಗೂ ಅವರನ್ನು ಕಳುಹಿಸುವ ತಂದೆತಾಯಿಗಳಿಗೂ ನಾನು ಹೇಳಬೇಕೆಂದಿರುವುದು ಈ 'ಬಹುಶಃ'ದ ಬೆಲೆಯ ಬಗ್ಗೆ. ಷಿಕಾಗೋ ನಗರದೊಳಗೆ ಇರುವವರು ರೈಲು, ಬಸ್ಸು ನಂಬಿ ಕಾರಿಲ್ಲದೆ ಬಾಳಬಹುದು. ಮೊದಲ ವರ್ಷ ಹಾಗೆ ಬಾಳುವುದೇ ಜಾಣತನ. ಡೆಟ್ರಾಯಿಟ್ ಸುತ್ತಮುತ್ತಲಿನ ಮಾತು ಬೇರೆ. ಕಾರು ಮಾಡಿ ಜಗತ್ತಿಗೆ ಕೊಟ್ಟ ಊರು ತನ್ನನ್ನೂ ಕಾರಿಗಾಗಿಯೇ ಕಟ್ಟಿಕೊಂಡಿತು. ದಿನಸಿ ತರಲು, ಇಂಟರ್ನ್‌ಶಿಪ್ಪಿಗೆ ಹೋಗಲು, ಹಿಮ ಬಿದ್ದ ದಿನ ವೈದ್ಯರನ್ನು ಕಾಣಲು ಕಾರೇ ಬೇಕು. ಹೊಸಬರ ಕೈಗೆ ಎಟಕುವುದು ಹಳೆಯ ಕಾರು. ಹಳೆಯ ಕಾರು ಒಂದಲ್ಲ ಒಂದು ದಿನ ಕೆಮ್ಮುತ್ತದೆ.

ನಮ್ಮೂರಿನ ಮೆಕ್ಯಾನಿಕ್‌ಗಳು ಇದಕ್ಕೆ 'ಮಿಸ್ಸಿಂಗ್' ಎನ್ನುತ್ತಾರೆ. ನಾಲ್ಕು ಸಿಲಿಂಡರುಗಳು ಸರದಿಯಂತೆ ಉರಿದು ಕ್ರ್ಯಾಂಕ್ ದಂಡವನ್ನು ತಳ್ಳಬೇಕು. ಒಂದು ಉರಿಯದೆ ಹೋದರೆ ಪಲ್ಲಕ್ಕಿ ಹೊರುವ ನಾಲ್ವರಲ್ಲಿ ಒಬ್ಬ ಹೆಗಲು ತಪ್ಪಿಸಿದ ಹಾಗೆ ವಾಹನ ಕುಲುಕುತ್ತದೆ. ಆ ಕ್ಷಣ ದಂಡದ ವೇಗ ಕೂದಲೆಳೆಯಷ್ಟು ತಗ್ಗುತ್ತದೆ. ಕಾರಿನ ಕಂಪ್ಯೂಟರು ಅದನ್ನು ಗಮನಿಸಿ, ಯಾವ ಸಿಲಿಂಡರಿನ ಸರದಿಯಲ್ಲಿ ಹಾಗಾಯಿತೆಂದು ಬರೆದಿಟ್ಟುಕೊಳ್ಳುತ್ತದೆ. 1996ರಿಂದೀಚೆಗೆ ಅಮೆರಿಕದಲ್ಲಿ ಮಾರಾಟವಾದ ಎಲ್ಲ ಕಾರುಗಳಲ್ಲೂ ಈ ವ್ಯವಸ್ಥೆ ಕಡ್ಡಾಯ. ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಇಪ್ಪತ್ತು-ಮೂವತ್ತು ಡಾಲರಿನ ಸ್ಕ್ಯಾನರ್ ಸಿಕ್ಕಿಸಿದರೆ ಸಂಕೇತ ಕಾಣುತ್ತದೆ. ಪಿ0301 ಎಂದರೆ ಒಂದನೆಯ ಸಿಲಿಂಡರು, ಪಿ0302 ಎಂದರೆ ಎರಡನೆಯದು. ಪಿ0300 ಎಂದರೆ ದೋಷ ಒಂದೇ ಸಿಲಿಂಡರಿಗೆ ಅಂಟಿಕೊಂಡಿಲ್ಲ. ಸ್ಕ್ಯಾನರ್ ಇಲ್ಲದಿದ್ದರೆ ಬಿಡಿಭಾಗದ ದೊಡ್ಡ ಅಂಗಡಿಗಳಲ್ಲಿ ಬಹಳಷ್ಟು ಕಡೆ ಪುಕ್ಕಟೆ ಓದಿಕೊಡುತ್ತಾರೆ.

ಆದರೆ ಸಂಕೇತ ಹೇಳುವುದು ನೋವಿನ ಜಾಗವನ್ನು, ರೋಗವನ್ನಲ್ಲ. ಈ ವ್ಯತ್ಯಾಸ ತಿಳಿಯದೆ ನಾನು ಕಳೆದುಕೊಂಡದ್ದನ್ನೂ ಹೇಳಿಬಿಡುತ್ತೇನೆ. 2009ರ ಜನವರಿ, ಷಿಕಾಗೋ ಉಪನಗರ ನೇಪರ್‌ವಿಲ್‌ನಲ್ಲಿ ನನ್ನ ಎರಡನೆಯ ಚಳಿಗಾಲ. ನನ್ನದು 1998ರ ಕಾರು. ದೀಪ ಮಿಟುಕಿದಾಗ 'ಆಫೀಸು ಮುಟ್ಟಿಬಿಡಲಿ' ಎಂದುಕೊಂಡೆ. ಎರಡು ವಾರ ಹಾಗೇ ಮುಟ್ಟಿಸಿದೆ. ನಡುವೆ ಒಬ್ಬರ ಮಾತಿಗೆ ಪ್ಲಗ್ ಬದಲಿಸಿದೆ, ಇನ್ನೊಬ್ಬರ ಮಾತಿಗೆ ಟ್ಯಾಂಕಿಗೆ ಬಾಟಲಿ ದ್ರಾವಣ ಸುರಿದೆ, ಮತ್ತೊಬ್ಬರ ಮಾತಿಗೆ ಆಮ್ಲಜನಕದ ಸೆನ್ಸರ್ ಕೊಂಡೆ. ದೀಪ ಸುಮ್ಮನೆ ಉರಿಯುತ್ತಿದ್ದರೆ ಬಿಡುವಾದಾಗ ನೋಡು ಎಂದರ್ಥ. ಮಿಟುಕುತ್ತಿದ್ದರೆ ಈಗಲೇ ನಿಲ್ಲಿಸು ಎಂದರ್ಥ. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಂಥ ಆ ಸಾಧನ ಕಾದು ಕರಗಿತು. ಅದರ ಬೆಲೆ ನನ್ನ ಕಾರಿನ ಬೆಲೆಯ ಅರ್ಧವನ್ನು ದಾಟಿತು. ಕೊನೆಗೆ ಒಂದು ರಾತ್ರಿ ದೀಪ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ ನೋಡಿದರೆ, ಬಿರುಕುಬಿಟ್ಟ ಪ್ಲಗ್ ತಂತಿಯಿಂದ ನೀಲಿ ಕಿಡಿಗಳು ಮಿಣುಕು ಹುಳುಗಳಂತೆ ಹೊರಗೆ ಹಾರುತ್ತಿದ್ದವು. ತಪ್ಪಿತಸ್ಥ ಆ ತಂತಿ. ಕತ್ತಲಲ್ಲಿ ಐದು ನಿಮಿಷ ನಿಂತು ನೋಡುವ ವ್ಯವಧಾನ ನನಗೆ ಎರಡು ವಾರಗಳ ಕಾಲ ಇರಲಿಲ್ಲ.

ಎಂಜಿನಿಯರಿಂಗ್ ಪದವಿ ನನ್ನಲ್ಲಿತ್ತು. ಇರದಿದ್ದದ್ದು ಅಪ್ಪನಿಗಿದ್ದ ವಿದ್ಯೆ. ಅವರು ಶಾಲಾ ಮೇಷ್ಟ್ರು. ಬಜಾಜ್ ಸ್ಕೂಟರ್ ಇತ್ತು. ಬೆಳಿಗ್ಗೆ ಅದನ್ನು ಪಕ್ಕಕ್ಕೆ ವಾಲಿಸಿ ನಿಲ್ಲಿಸುವುದು, ಒದೆಯುವುದು, ಹತ್ತದಿದ್ದರೆ ಪ್ಲಗ್ ಬಿಚ್ಚುವುದು. ಬೆಂಗಳೂರಿನ ಆಡುಗೋಡಿಯಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿಯ ಪ್ಲಗ್ಗು ಆ ಕಾಲದ ಸ್ಕೂಟರಿನವರಿಗೆಲ್ಲ ಮನೆಮಾತು. ಡಿಕ್ಕಿಯಲ್ಲಿ ಒಂದು ಸದಾ ಮೀಸಲು. ಪ್ಲಗ್ಗಿನ ಮೂತಿ ನೋಡಿಯೇ ಅಪ್ಪ ಭವಿಷ್ಯ ಹೇಳುತ್ತಿದ್ದರು: ತಿಳಿಕಂದು ಬಣ್ಣವಾದರೆ ಆರೋಗ್ಯ, ಒಣ ಮಸಿಯಾದರೆ ಪೆಟ್ರೋಲು ಹೆಚ್ಚು, ಜಿಡ್ಡಾದರೆ ಆಯಿಲ್ ಕುಡಿಯುತ್ತಿದೆ. ಸ್ಯಾಂಡ್‌ಪೇಪರಿನಿಂದ ಉಜ್ಜಿ, ಗರಗಸದ ಹಳೆಯ ಬ್ಲೇಡಿನಿಂದ ಸಂದು ಅಳೆದು, "ಮೊದಲು ಕಿಡಿ ನೋಡು, ಆಮೇಲೆ ಪೆಟ್ರೋಲು, ಆಮೇಲೆ ಮಿಕ್ಕಿದ್ದು" ಎನ್ನುತ್ತಿದ್ದರು. "ನೀನು ಒಳಗೆ ಹೋಗಿ ಓದ್ಕೋ" ಎಂದೂ ಅವರೇ ಅನ್ನುತ್ತಿದ್ದರು. ನಮ್ಮ ಮನೆಗಳ ತೊಡಕು ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ಶನಿವಾರ ನಸುಕಿನಲ್ಲಿ ಐ-94 ಹಿಡಿದೆ. ಷಿಕಾಗೋದಿಂದ ಡೆಟ್ರಾಯಿಟ್‌ಗೆ ಸುಮಾರು 280 ಮೈಲಿ. ಹಾದಿಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಜಿಗಿಯುವುದರಿಂದ ಕ್ಯಾಂಟನ್ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅನೇಕ ಅಪಾರ್ಟ್‌ಮೆಂಟುಗಳ ಪಾರ್ಕಿಂಗಿನಲ್ಲಿ ವಾಹನ ರಿಪೇರಿ ನಿಷಿದ್ಧ, ನನ್ನ ಸೋದರಳಿಯನದ್ದರಲ್ಲೂ. ಹಬ್ಬದೂಟ ಹಾಕಿದ ಆ ಪುಣ್ಯವಂತರು ತಮ್ಮ ಮನೆಯ ಅಂಗಳವನ್ನೂ ಬಿಟ್ಟುಕೊಟ್ಟರು.

"ಮಾವ, ನಾಲ್ಕೂ ಕಾಯಿಲ್ ತರಿಸಿಬಿಡ್ಲಾ? ಆನ್‌ಲೈನಲ್ಲಿ ಅಗ್ಗ ಇದೆ."

"ಏನೂ ತರಬೇಡ. ಮೊದಲು ಸಂಕೇತ ಬರೆದುಕೋ. ಅಳಿಸೋದು ಆಮೇಲೆ."

ಸಂಕೇತ ಪಿ0302. ಅವನ ಕಾರಿನಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿದೆ. ಹಿಡಿದಿರುವುದು ಹತ್ತು ಮಿಲಿಮೀಟರಿನ ಒಂದೊಂದೇ ಬೋಲ್ಟು. ತಣ್ಣಗಿದ್ದ ಎಂಜಿನ್ನಿನಿಂದ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅವನೇ ಬಿಚ್ಚಿ ಅದಲುಬದಲು ಮಾಡಿದ. ಬೇರೇನನ್ನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಈ ಕೆಲಸದಲ್ಲಿ ಮಡಿಯಷ್ಟೇ ಕಟ್ಟುನಿಟ್ಟು. ಸಂಕೇತ ಅಳಿಸಿ ಎಂಜಿನ್ ಚಾಲೂ ಮಾಡಿದೆವು. ಅದೇ ನಡುಕ. ಐದಾರು ನಿಮಿಷಕ್ಕೆ ದೀಪ ಬಂತು: ಪಿ0303. ಕಾಯಿಲ್ ಹೋದಲ್ಲಿಗೆ ರೋಗವೂ ಹೋಗಿತ್ತು. ಹುಡುಗ ಸ್ಕ್ಯಾನರನ್ನು ನೋಡಿದ, ನನ್ನನ್ನು ನೋಡಿದ. "ಇಷ್ಟೇನಾ?" ಎಂದ.

ಇಷ್ಟೇ ಅಲ್ಲ. ಆ ಕಾಯಿಲ್ ಏಕೆ ಸತ್ತಿತು? ಎರಡನೆಯ ಪ್ಲಗ್ಗಿನ ಬಾವಿಗೆ ಟಾರ್ಚ್ ಬಿಟ್ಟರೆ ತಳದಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ಮೇಲಿನ ಕವಚದ ಗ್ಯಾಸ್ಕೆಟ್, ಪ್ಲಗ್ಗಿನ ಕೊಳವೆ ಸುತ್ತಲಿನ ರಬ್ಬರ್ ಉಂಗುರ ವಯಸ್ಸಾಗಿ ಗಟ್ಟಿಯಾಗಿ, ಆಯಿಲ್ ಜಿನುಗಿ, ಕಾಯಿಲ್‌ನ ರಬ್ಬರ್ ಕಾಲು ಊದಿಕೊಂಡಿತ್ತು. ಬರೀ ಕಾಯಿಲ್ ಬದಲಿಸಿದ್ದರೆ ಹೊಸದೂ ಅದೇ ಬಾವಿಗೆ ಬೀಳುತ್ತಿತ್ತು. ಬಾವಿ ಒರೆಸಿ ಒಣಗಿಸಿ, ಒಂದು ಹೊಸ ಕಾಯಿಲ್, ಸಂದು ಅಗಲವಾಗಿದ್ದ ನಾಲ್ಕೂ ಹಳೆಯ ಪ್ಲಗ್‌ಗಳಿಗೆ ಬದಲು ಹೊಸವು. ಒಟ್ಟು 94 ಡಾಲರ್. ಪ್ಲಗ್ಗನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಬೇಕು. ಅಲ್ಯೂಮಿನಿಯಂ ತಲೆಯ ಮರೆ ಕೆಟ್ಟರೆ ನಿಜಕ್ಕೂ ಸಾವಿರಗಳ ಮಾತು. ಟಾರ್ಕ್ ಸ್ಪ್ಯಾನರನ್ನು ಅಂಗಡಿಯವರು ಠೇವಣಿ ಪಡೆದು ಎರವಲು ಕೊಟ್ಟರು. ಹಿಂದಿರುಗಿಸಿದಾಗ ಠೇವಣಿಯೂ ಹಿಂದೆ ಬಂತು. ಕೈಪಿಡಿ ಬೇಕಾದವರು ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಲಿ. ಹೇನ್ಸ್, ಚಿಲ್ಟನ್ ಪುಸ್ತಕಗಳು ಬಹಳ ಕಡೆ ಸಿಗುತ್ತವೆ.

ಕನ್ವರ್ಟರ್ ಉಳಿದಿತ್ತು. ಆ ರಾತ್ರಿ ಅವನು ಮತ್ತೆ ಡೆಟ್ರಾಯಿಟ್‌ಗೆ ಓಡಿಸದೆ ಅಲ್ಲೇ ಉಳಿದದ್ದರಿಂದ ಉಳಿಯಿತು.

ಗ್ಯಾರೇಜಿನವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಗಂಟೆಗೆ ನೂರು ಡಾಲರ್ ಮೀರಿದ ಕೂಲಿಯ ನಾಡಿನಲ್ಲಿ ಹುಡುಕುವ ಸಮಯಕ್ಕಿಂತ ಬದಲಿಸುವ ಭಾಗ ಅಗ್ಗವೆನಿಸಿಬಿಡುತ್ತದೆ; ಹಣ ಮಾತ್ರ ನಮ್ಮದು. 'ಯಾವ ಪರೀಕ್ಷೆ ಮಾಡಿ ಈ ತೀರ್ಮಾನಕ್ಕೆ ಬಂದಿರಿ?' ಎಂದು ವಿನಯದಿಂದ ಕೇಳಿ. ಒಳ್ಳೆಯ ಮೆಕ್ಯಾನಿಕ್ ಆ ಪ್ರಶ್ನೆಗೆ ಬೇಸರಪಡುವುದಿಲ್ಲ. ಕಾಯಿಲ್, ಪ್ಲಗ್ ಅದಲುಬದಲಾದರೂ ರೋಗ ಅದೇ ಸಿಲಿಂಡರಿನಲ್ಲಿ ಉಳಿದರೆ, ಕೂಲಂಟ್ ಕಾರಣವಿಲ್ಲದೆ ಇಳಿಯುತ್ತಿದ್ದರೆ, ಬಿಳಿ ಹೊಗೆಗೆ ಸಿಹಿ ವಾಸನೆಯಿದ್ದರೆ, ಅದು ಅಂಗಳದ ಕೆಲಸವಲ್ಲ; ಕಂಪ್ರೆಷನ್ ಪರೀಕ್ಷೆಗೆ ಹಣ ಕೊಟ್ಟು ಗೌರವದಿಂದ ತಜ್ಞರಿಗೆ ಒಪ್ಪಿಸಬೇಕು. ಷಿಕಾಗೋ ಸುತ್ತ ಇರುವವರಿಗೆ ಇನ್ನೊಂದು ಮಾತು. ಇಲ್ಲಿ ಹೊಗೆ ತಪಾಸಣೆ ಇದೆ, ಮಿಷಿಗನ್‌ನಲ್ಲಿ ಇಲ್ಲ. ತಪಾಸಣೆಯ ಹಿಂದಿನ ರಾತ್ರಿ ಸಂಕೇತ ಅಳಿಸಿ ದೀಪ ನಂದಿಸುವ ಉಪಾಯವನ್ನು ಗೆಳೆಯರು ಹೇಳಿಕೊಡುತ್ತಾರೆ. ಅಳಿಸಿದೊಡನೆ ಕಾರಿನ ಸ್ವಯಂಪರೀಕ್ಷೆಗಳೂ ಖಾಲಿಯಾಗುತ್ತವೆ. ತಪಾಸಣೆಯವರು ಅದನ್ನು ನೋಡಿಯೇ ಹಿಂದಕ್ಕೆ ಕಳುಹಿಸುತ್ತಾರೆ.

ಕ್ಯಾಂಟನ್‌ನಿಂದ ಅರ್ಧ ಗಂಟೆಯ ದಾರಿಯಲ್ಲಿ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಸಂಗ್ರಹಾಲಯವಿದೆ. 1893ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಫೋರ್ಡ್ ತಮ್ಮ ಮೊದಲ ಪೆಟ್ರೋಲ್ ಎಂಜಿನ್ನನ್ನು ಡೆಟ್ರಾಯಿಟ್‌ನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ಸಿಂಕಿಗೆ ಬಿಗಿದು ಓಡಿಸಿದರು. ಹಬ್ಬದಡುಗೆಯ ನಡುವೆ ಹೆಂಡತಿ ಕ್ಲಾರಾ ಹನಿಹನಿಯಾಗಿ ಪೆಟ್ರೋಲು ಬಿಟ್ಟರು. ಕಾರ್ಖಾನೆ, ಕೋಟಿ ಕಾರು ಎಲ್ಲ ಆಮೇಲಿನದು. ಮೊದಲು ಇದ್ದದ್ದು ಮನೆ, ಜಿಡ್ಡಿನ ಕೈ. ಅಮೆರಿಕಕ್ಕೆ ಹೋಗಿಯೂ ಮಗ ಕೈ ಕಪ್ಪು ಮಾಡಿಕೊಳ್ಳುತ್ತಾನೆಂದು ಊರಲ್ಲಿ ಮರೆಮಾಚುವವರಿಗೆ ಇದನ್ನು ನೆನಪಿಸುತ್ತೇನೆ. ಮಗ ಯಾವ ಕಾರು ಕೊಂಡ ಎಂದು ಕೇಳುವ ಬಂಧುಗಳೇ ಅವನನ್ನು ಅವನ ಗಳಿಕೆಗೆ ಮೀರಿದ ಕಂತಿಗೆ ದೂಡುತ್ತಾರೆ. ತಲಾ 23 ಕಿಲೋದ ಎರಡು ಸೂಟ್‌ಕೇಸಿನಲ್ಲಿ ಕುಕ್ಕರು, ಚಟ್ನಿಪುಡಿ, ಉಪ್ಪಿನಕಾಯಿ ತುಂಬುವ ಮೊದಲು, ಊರಿನ ಯಾವುದಾದರೂ ಗ್ಯಾರೇಜಿನಲ್ಲಿ ನಾಲ್ಕು ಭಾನುವಾರ ನಿಲ್ಲಿಸಿ. ಹೆಣ್ಣುಮಕ್ಕಳನ್ನೂ ನಿಲ್ಲಿಸಿ, ಐ-94ರಲ್ಲಿ ದೀಪ ಮಿಟುಕುವಾಗ ಒಳಗೆ ಯಾರಿದ್ದಾರೆಂದು ಎಂಜಿನ್ ಕೇಳುವುದಿಲ್ಲ.

ಕೆಲಸ ಮುಗಿದಾಗ ಸಂಜೆ ಆರು. ಊರಿನಲ್ಲಿ ಬೆಳಗಾಗಲು ಇನ್ನೂ ಹೊತ್ತಿತ್ತು, ಆದರೂ ತಂಗಿ ಎದ್ದೇ ಇದ್ದಳು. ಎಂಜಿನ್ನಿನ ಸದ್ದನ್ನು ಫೋನಿನಲ್ಲಿ ಕೇಳಿಸಿದ ಮಗ. ಅವಳಿಗೆ ಅದರಲ್ಲಿ ಏನು ತಿಳಿಯಿತೋ; "ಹಾಗಾದ್ರೆ ಬ್ಯಾಂಕಿಗೆ ಹೋಗೋದು ಬೇಡ ಅಲ್ವಾ?" ಎಂದಳು.

ಬೇಡ ಎಂದೆ. ಗ್ಯಾಸ್ಕೆಟ್ ಬದಲಿಸುವ ಕೆಲಸ ಬಾಕಿ ಉಳಿದಿದೆ. ಕ್ರಿಸ್‌ಮಸ್ ರಜೆಗೆ ಕಾರು ನೇಪರ್‌ವಿಲ್‌ಗೆ ಬರಬೇಕು. ಅಲ್ಲಿಯವರೆಗೆ ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡಿ ಬರೆದಿಡಲು ಹೇಳಿದ್ದೇನೆ.