‘ನಾವು ಅವರಲ್ಲ’ ಎನ್ನುವ ಮುನ್ನ

ಕರಾವಳಿಯಲ್ಲಿ ನಾವು ಹೊಸ ತೆನೆಯನ್ನು ಆಶೀರ್ವದಿಸಿ ಮೊಂತಿ ಫೆಸ್ತ್ ಆಚರಿಸುವ ಸೆಪ್ಟೆಂಬರ್ 8ರಂದೇ ತುಂಗಭದ್ರೆಯ ದಡದ ಹರಿಹರದಲ್ಲಿ ಆರೋಗ್ಯ ಮಾತೆಯ ವಾರ್ಷಿಕ ಮಹೋತ್ಸವ ನಡೆಯುತ್ತದೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕಿರಿಯ ಬಸಿಲಿಕದ ಸ್ಥಾನ ನೀಡಿದ ಈ ಪುಣ್ಯಕ್ಷೇತ್ರಕ್ಕೆ ಹರಕೆ ಹೊತ್ತು ಬರುವವರಲ್ಲಿ ಕಥೋಲಿಕರಷ್ಟೇ ಅಲ್ಲ, ಹಿಂದೂ ಬಾಂಧವರೂ ಇದ್ದಾರೆ. ಊರಿನ ಹೆಸರಿನಲ್ಲೇ ಹರಿಯೂ ಹರನೂ ಕೂಡಿದ್ದಾರೆ. ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯ ಇಂದಿಗೂ ಅದಕ್ಕೆ ಸಾಕ್ಷಿ. ಇಂತಹ ನೆಲದಲ್ಲಿ ಬಾಳುವ ಕ್ರೈಸ್ತರು ತಮ್ಮೊಳಗೆ ಎಷ್ಟು ಒಂದಾಗಿದ್ದಾರೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಹರಿಹರಕ್ಕೆ ಸಮೀಪದ ದಾವಣಗೆರೆ ನಗರದೊಳಗೆ ಸೇರಿಹೋಗಿರುವ ಶಾಮನೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಓದಿಗೋ ಉದ್ಯೋಗಕ್ಕೋ ಕರಾವಳಿಯಿಂದ ಹೋಗಿ ಅಂತಹ ಕಡೆ ಮನೆ ಮಾಡಿದ ಕಥೋಲಿಕ ಕುಟುಂಬಕ್ಕೆ ಇಲ್ಲಿನಂತೆ ವಾರ್ಡು, ಗುರಿಕಾರರು, ಕೂಗಿದರೆ ಓಡಿ ಬರುವ ಹತ್ತಾರು ಮನೆಗಳು ಇರುವುದಿಲ್ಲ. ಪಕ್ಕದ ಬೀದಿಯ ಕ್ರೈಸ್ತರು ಸಿ.ಎಸ್.ಐ. ಸಭೆಯವರಾಗಿರಬಹುದು, ಪೆಂತೆಕೋಸ್ತರಾಗಿರಬಹುದು. ನೆರೆಹೊರೆಯವರಿಗೆ ಈ ವ್ಯತ್ಯಾಸ ತಿಳಿಯದು. ಅವರ ಪಾಲಿಗೆ ಎಲ್ಲರೂ ‘ಚರ್ಚಿಗೆ ಹೋಗುವವರು’, ಅಷ್ಟೇ.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರ ಸಂಖ್ಯೆ ಸುಮಾರು 11.4 ಲಕ್ಷ, ಅಂದರೆ ಶೇ. 1.87. ದಕ್ಷಿಣ ಕನ್ನಡದಲ್ಲಿ ಶೇ. 8ರಷ್ಟಿರುವ ನಾವು ಇತರ ಸಭೆಗಳವರನ್ನು ಮಾತನಾಡಿಸದೆಯೂ ಜೀವಮಾನ ಕಳೆಯಬಹುದು. ಬಯಲುಸೀಮೆಯ ಕ್ರೈಸ್ತರಿಗೆ ಆ ಅನುಕೂಲವಿಲ್ಲ.

ಕಲಿಯಬೇಕಾದ ಪಾಠ

2008ರ ಸೆಪ್ಟೆಂಬರ್ 14ರ ಭಾನುವಾರವನ್ನು ನಾವು ಮರೆತಿಲ್ಲ. ಹೊಸ ಪ್ರಾರ್ಥನಾ ಪಂಗಡಗಳ ಮತಾಂತರ ಚಟುವಟಿಕೆಯೇ ಕಾರಣವೆಂದು ಹೇಳಿಕೊಂಡು ಆರಂಭವಾದ ದಾಳಿ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಪರಮಪ್ರಸಾದದವರೆಗೂ ಬಂತು. ಮತಾಂತರದ ಮಾತೆತ್ತದ, ಮೌನದಲ್ಲಿ ಪ್ರಾರ್ಥಿಸುವ ಮಠದ ಸಹೋದರಿಯರಿಗೂ ರಕ್ಷಣೆ ಸಿಗಲಿಲ್ಲ. ಆ ದಿನಗಳಲ್ಲಿ ‘ನಾವು ಅವರಲ್ಲ’ ಎಂಬ ಮಾತು ನಮ್ಮವರ ಬಾಯಿಂದಲೂ ಬಂದದ್ದುಂಟು. ಅದು ಒಂದರ್ಥದಲ್ಲಿ ಸತ್ಯವೇ. ಆದರೆ ಅವರ ಮೇಲೆ ಕೈಮಾಡಿದರೆ ನಮ್ಮ ತಕರಾರಿಲ್ಲ ಎಂಬ ಧ್ವನಿ ಅದರಲ್ಲಿ ಕೇಳಿಸಿದ್ದರೆ, ಅದು ನಾವು ಪಶ್ಚಾತ್ತಾಪ ಪಡಬೇಕಾದ ವಿಷಯ.

2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧ ಕಾನೂನು ಬಂದಾಗ ಚಿತ್ರ ಸ್ವಲ್ಪ ಬದಲಾಗಿತ್ತು. ಮತಾಂತರಗೊಂಡ ವ್ಯಕ್ತಿಯಷ್ಟೇ ಅಲ್ಲ, ಆತನ ಬಂಧುಗಳೂ ಸಹೋದ್ಯೋಗಿಗಳೂ ದೂರು ಕೊಡಬಹುದೆಂದು ಹೇಳಿದ ಆ ಕಾನೂನು ಕಥೋಲಿಕ, ಪ್ರೊಟೆಸ್ಟೆಂಟ್ ಎಂದು ಭೇದ ಮಾಡಲಿಲ್ಲ. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರೂ ಜೊತೆಗೂಡಿಯೇ ಹೋದರು: ವಿವಿಧ ಸಭೆಗಳ ಸಂಯುಕ್ತ ಕ್ರೈಸ್ತ ಮಾನವ ಹಕ್ಕುಗಳ ವೇದಿಕೆ ಮತ್ತು ಇವಾಂಜೆಲಿಕಲ್ ಫೆಲೋಶಿಪ್ ಆಫ್ ಇಂಡಿಯಾ. 2023ರ ಜೂನ್ 15ರಂದು ರಾಜ್ಯ ಸಚಿವ ಸಂಪುಟ ಈ ಕಾನೂನನ್ನು ಹಿಂಪಡೆಯಲು ತೀರ್ಮಾನಿಸಿತು. ಸರ್ಕಾರಗಳು ಬರುತ್ತವೆ, ಹೋಗುತ್ತವೆ. ಒಟ್ಟಾಗಿ ನಿಂತ ಅನುಭವವನ್ನು ಮಾತ್ರ ನಾವು ಕಳೆದುಕೊಳ್ಳಬಾರದು.

ಒಳಗಿನ ಗೋಡೆ

ಒಡಕು ಸಭೆ-ಸಭೆಗಳ ನಡುವೆ ಮಾತ್ರವಿಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಹಲವು ಜಾತಿಗಳ ಹೆಸರಿನೊಡನೆ ‘ಕ್ರಿಶ್ಚಿಯನ್’ ಎಂದು ಸೇರಿದ್ದು ದೊಡ್ಡ ವಿವಾದವಾಯಿತು. ಕೊನೆಗೆ ಹಿಂದುಳಿದ ವರ್ಗಗಳ ಆಯೋಗ ಅಂತಹ 33 ಹೆಸರುಗಳನ್ನು ಆಯ್ಕೆಪಟ್ಟಿಯಿಂದ ಮರೆಮಾಡಿತು. ರಾಜಕೀಯ ಏನೇ ಇರಲಿ, ಪ್ರಶ್ನೆ ನಮ್ಮ ಅಂಗಳಕ್ಕೂ ಬಂದಿದೆ. ದೀಕ್ಷಾಸ್ನಾನದಲ್ಲಿ ಜಾತಿಯಿಲ್ಲ ಎಂದು ಬೋಧಿಸುವ ನಾವು ಮದುವೆ ಮಾತುಕತೆಯಲ್ಲಿ ಬಾಮಣ್, ಚಾರೊಡಿ ಎಂದು ಈಗಲೂ ವಿಚಾರಿಸುವುದಿಲ್ಲವೇ? ಪಟ್ಟಿಯಿಂದ ಹೆಸರು ಮರೆಯಾದ ಮಾತ್ರಕ್ಕೆ ಮನಸ್ಸಿನಿಂದ ಮರೆಯಾಗುವುದಿಲ್ಲ.

ಐಕ್ಯತೆಯ ಮಾತು ಬಂದಾಗ ನಮ್ಮ ಜನ ಎತ್ತುವ ಆಕ್ಷೇಪವನ್ನೂ ಅಲ್ಲಗಳೆಯಲಾಗದು. “ಅವರು ನಮ್ಮ ಮನೆಗಳಿಗೆ ಬಂದು ಮಾತೆ ಮರಿಯಳನ್ನು ಹೀಗಳೆಯುತ್ತಾರೆ, ನಮ್ಮವರನ್ನೇ ಎಳೆದುಕೊಂಡು ಹೋಗುತ್ತಾರೆ, ಅವರೊಂದಿಗೆ ಎಂತಹ ಐಕ್ಯತೆ ಫಾದರ್?” ಎಂದು ಕೇಳುವವರಿದ್ದಾರೆ. ಈ ನೋವು ನಿಜ. ಅದನ್ನು ಆ ಸಭೆಗಳ ಹಿರಿಯರೊಡನೆ ಕುಳಿತು ನೇರವಾಗಿಯೇ ಹೇಳಬೇಕು. ಆದರೆ ಹೋದವರು ಏಕೆ ಹೋದರು, ಕಾಯಿಲೆ-ಕಷ್ಟದಲ್ಲಿ ಅವರ ಮನೆ ಬಾಗಿಲಿಗೆ ಮೊದಲು ಹೋದವರು ಯಾರು ಎಂಬುದನ್ನು ನಾವೂ ಕೇಳಿಕೊಳ್ಳಬೇಕು. ಗುರುಗಳಾದ ನಮಗೆ ಈ ಪ್ರಶ್ನೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಧರ್ಮಸಭೆಯ ನಿಲುವು ಸ್ಪಷ್ಟವಿದೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕ್ರೈಸ್ತರ ಒಡಕು ಕ್ರಿಸ್ತರ ಚಿತ್ತಕ್ಕೆ ವಿರುದ್ಧವೆಂದೂ ಶುಭಸಂದೇಶ ಸಾರುವುದಕ್ಕೆ ಅಡ್ಡಿಯೆಂದೂ ಹೇಳಿತು. ನೀಸೆಯ ಮಹಾಸಭೆಯ 1700ನೇ ವರ್ಷದ ನೆನಪಿಗೆ 2025ರ ನವೆಂಬರ್ 28ರಂದು ಪೋಪ್ 14ನೇ ಲಿಯೋ ಅವರು ಟರ್ಕಿಯ ಇಜ್ನಿಕ್‌ನಲ್ಲಿ ಕುಲಪಿತ ಬಾರ್ತಲೋಮಿಯೊ ಮತ್ತಿತರ ಸಭೆಗಳ ನಾಯಕರೊಡನೆ ಪ್ರಾರ್ಥಿಸಿದರು. ಪರಮಪ್ರಸಾದ ಪೀಠದಲ್ಲಿ ಇನ್ನೂ ಒಂದಾಗಿಲ್ಲ. ಆದರೂ ಜೊತೆಯಲ್ಲಿ ನಿಂತು ಪ್ರಾರ್ಥಿಸಲು ಅದು ಅಡ್ಡಿಯಾಗಲಿಲ್ಲ.

ಧರ್ಮಕೇಂದ್ರದಲ್ಲಿ ಏನು ಸಾಧ್ಯ?

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಬರುವ ಕ್ರೈಸ್ತ ಐಕ್ಯತಾ ಪ್ರಾರ್ಥನಾ ಸಪ್ತಾಹ ಅನೇಕ ಕಡೆ ಒಂದು ಪ್ರಕಟಣೆಯಲ್ಲಿ ಮುಗಿದುಹೋಗುತ್ತದೆ. ಹತ್ತಿರದ ಸಿ.ಎಸ್.ಐ. ಸಭಾಪಾಲಕರನ್ನು ಒಂದು ಸಂಜೆ ಆಹ್ವಾನಿಸಲು ಹೆಚ್ಚಿನ ಖರ್ಚೇನೂ ಇಲ್ಲ. ನೀರಿನಿಂದ, ತ್ರಿಯೇಕ ದೇವರ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದ ಸಿ.ಎಸ್.ಐ. ಸಹೋದರನಿಗೆ ನಾವು ಮತ್ತೆ ದೀಕ್ಷಾಸ್ನಾನ ಕೊಡುವುದಿಲ್ಲ. ಅಂದಮೇಲೆ ಆತ ನಮಗೆ ಹೊರಗಿನವನಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಸಾವಿನ ಮನೆ. ಸಣ್ಣ ಊರಿನಲ್ಲಿ ಸ್ವಂತ ಸ್ಮಶಾನವಿಲ್ಲದ ಸಭೆಯ ಬಡ ವಿಶ್ವಾಸಿ ತೀರಿಕೊಂಡರೆ ಶವವನ್ನು ಎಲ್ಲಿಗೆ ಒಯ್ಯಬೇಕು? ಅವರ ಬೋಧಕರು ಲಭ್ಯರಿಲ್ಲದಿದ್ದರೆ ಮತ್ತು ಮೃತರ ಇಚ್ಛೆಗೆ ವಿರುದ್ಧವಲ್ಲದಿದ್ದರೆ, ಧರ್ಮಾಧ್ಯಕ್ಷರ ಅನುಮತಿಯಿಂದ ನಾವೇ ಅಂತ್ಯಸಂಸ್ಕಾರ ನಡೆಸಲು ಧರ್ಮಸಭೆಯ ಕಾನೂನಿನಲ್ಲೇ ಅವಕಾಶವಿದೆ. ಆರಡಿ ನೆಲದ ವಿಷಯವನ್ನು ಪಾಲನಾ ಪರಿಷತ್ತುಗಳು ಅಂತಹ ದಿನ ಬರುವ ಮೊದಲೇ ಚರ್ಚಿಸಿ ತೀರ್ಮಾನಿಸಲಿ.

ಶಿಲುಬೆಯ ಹಿಂದಿನ ರಾತ್ರಿ ಪ್ರಭು ಯೇಸು ತಮ್ಮವರು ಒಂದಾಗಿರಲಿ, ಅದನ್ನು ಕಂಡು ಲೋಕ ನಂಬಲಿ ಎಂದು ಪಿತನನ್ನು ಬೇಡಿಕೊಂಡರು. ಲೋಕ ನೋಡುತ್ತಿರುವುದು ರೋಮನ್ನು ಮಾತ್ರವಲ್ಲ, ಶಾಮನೂರಿನ ಬೀದಿಯ ಎರಡು ಕ್ರೈಸ್ತ ಮನೆಗಳನ್ನೂ ನೋಡುತ್ತಿದೆ. ಆ ಎರಡು ಮನೆಗಳವರು ಪರಸ್ಪರ ಮಾತನಾಡುತ್ತಾರೆಯೇ ಎಂಬುದರಲ್ಲಿಯೇ ನಮ್ಮ ಸಾಕ್ಷ್ಯ ಅಡಗಿದೆ.