ದೋಣಿಯ ಪ್ಲೈವುಡ್: ಮಾರುವವರ ಮಾತೂ ಗಟ್ಟಿಯಿರಲಿ

ಹನೂರು ತಾಲೂಕಿನ ಕೌದಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಸಂಬಂಧಿ ಹುಡುಗ ಮೊನ್ನೆ ಫೋನ್ ಮಾಡಿದ್ದ. "ಕಾಕ, ಇಲ್ಲೊಬ್ಬರು ಮೀನು ಹಿಡಿಯಲು ಸಣ್ಣ ದೋಣಿ ಮಾಡ್ತಾರಂತೆ. ವಾಟರ್‌ಪ್ರೂಫ್ ಪ್ಲೈ ಕೇಳ್ತಿದ್ದಾರೆ, ಕೊಡ್ಲಾ?"

"ಶೀಟಿನ ಮೇಲೆ ಏನು ಬರೆದಿದೆ ಮೋನೇ?"

"ಎಂಆರ್."

"ಹಾಗಾದರೆ ಕೊಡಬೇಡ" ಅಂದೆ.

ಎಂಆರ್ ಎಂದರೆ ತೇವ ತಾಳುತ್ತದೆ ಎಂದಷ್ಟೇ ಅರ್ಥ. ಕಪಾಟಿಗೆ ಸರಿ. ನೀರಲ್ಲೇ ಇದ್ದರೆ ಅಂಟು ಬಿಟ್ಟು ಪದರ ಪದರವಾಗಿ ಏಳುತ್ತದೆ. ದೋಣಿಗೆ ಬೇಕಾದುದು ಐಎಸ್ 710 ಎಂದು ನಮೂದಿಸಿ ಐಎಸ್‌ಐ ಮುದ್ರೆ ಒತ್ತಿದ ಮರೈನ್ ಪ್ಲೈ. 72 ಗಂಟೆ ಕುದಿಸಿದರೂ ಅದರ ಅಂಟು ಬಿಡಬಾರದು. ಮುದ್ರೆ ನೋಡಿದರೆ ಸಾಲದು, ಅಂಚನ್ನೂ ನೋಡಬೇಕು. ಒಳಪದರದಲ್ಲಿ ಸಂದು ಕಂಡರೆ ಆ ಶೀಟು ಬೇಡ.

ಇನ್ನು ಮರೈನ್ ಪ್ಲೈಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ. ಗಟ್ಟಿಯಿರುವುದು ಅಂಟು, ಮರ ಮರವೇ. ಕೊಯ್ದ ಅಂಚಿನಿಂದ, ಸ್ಕ್ರೂ ತೂತಿನಿಂದ ನೀರು ಒಳಗಿಳಿಯುತ್ತದೆ. ಆದ್ದರಿಂದ ಅಂಚಿಗೂ ತೂತಿಗೂ ಎಪಾಕ್ಸಿ ಕುಡಿಸಬೇಕು. ಒಳಗೂ ಹೊರಗೂ ಎರಡು ಮೂರು ಕೋಟ್ ಕೊಟ್ಟು, ಜೋಡಣೆಗೆ ಫೈಬರ್ ಪಟ್ಟಿ ಅಂಟಿಸಬೇಕು. ಬಿಸಿಲಿಗೆ ಎಪಾಕ್ಸಿ ಕೆಡುವುದರಿಂದ ಮೇಲೆ ಪೇಂಟ್ ಬೇಕೇ ಬೇಕು. ಕರಾವಳಿಯವರಾದ ನಾವು ಉಪ್ಪುನೀರಿಗೆ ಹೆದರುತ್ತೇವೆ. ಆದರೆ ಮರವನ್ನು ಹೆಚ್ಚು ಕೊಳೆಸುವುದು ದೋಣಿಯೊಳಗೆ ನಿಂತ ಮಳೆನೀರು. ಕೆಲಸ ಮುಗಿದ ಮೇಲೆ ನೆರಳಲ್ಲಿ, ಗಾಳಿಯಾಡುವಂತೆ ಕವುಚಿಡಬೇಕು.

ಕೌದಳ್ಳಿಯಿಂದ ಮಲೆ ಮಹದೇಶ್ವರ ಬೆಟ್ಟ ದಾಟಿ ಹೊಗೇನಕಲ್ಲಿಗೆ ಹೋದರೆ ಹರಿಗೋಲು ಕಾಣುತ್ತದೆ. ಬಿದಿರು ಹೆಣೆದು, ಹೊದಿಕೆ ಹಾಕಿ, ಟಾರು ಬಳಿದದ್ದು. ಹರಿದರೆ ಕಣ್ಣಿಗೆ ಬೀಳುತ್ತದೆ, ಹಾಯಿಸುವವನೇ ತೇಪೆ ಹಾಕುತ್ತಾನೆ. ಪ್ಲೈವುಡ್ ಹಾಗಲ್ಲ. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಕೊಳೆತಿರುತ್ತದೆ. ಕೊಳ್ಳುವವನಿಗೆ ಕಾಣದ್ದು ಮಾರುವವನಿಗೆ ಗೊತ್ತಿರುತ್ತದೆ. ನನ್ನ ಮಾತೆಲ್ಲ ಇರುವುದು ಅಲ್ಲಿಯೇ.

ಮರ, ಪ್ಲೈವುಡ್ ವ್ಯಾಪಾರದಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. "ಗಿರಾಕಿ ಕಮ್ಮಿ ರೇಟಿನದ್ದೇ ಕೇಳ್ತಾರೆ, ನಾವೇನು ಮಾಡೋದು?" ಅನ್ನುವವರೂ ಇದ್ದಾರೆ. ಕಪಾಟಿಗಾದರೆ ಒಪ್ಪೋಣ, ಹಾಳಾದರೆ ಬಾಗಿಲು ಬದಲಾಯಿಸಿದರಾಯಿತು. ದೋಣಿ ನಡುನೀರಲ್ಲಿ ಕೈಕೊಟ್ಟರೆ? ಯಾವುದಕ್ಕೆ ಎಂದು ಕೇಳದೆ ಶೀಟು ಕೊಡಬಾರದು. ತಕ್ಕದ್ದು ಇಲ್ಲದಿದ್ದರೆ ಇಲ್ಲ ಅನ್ನಬೇಕು. ಬಿಲ್ಲಿನಲ್ಲಿ ಬರೀ "ವಾಟರ್‌ಪ್ರೂಫ್" ಎನ್ನದೆ ದರ್ಜೆಯನ್ನೇ ಬರೆಯಬೇಕು.

ಹುಡುಗ ಆ ಗಿರಾಕಿಯನ್ನು ವಾಪಸ್ ಕಳಿಸಿದ. "ಒಂದು ವ್ಯಾಪಾರ ಹೋಯ್ತು ಕಾಕ" ಅಂದ. ಹೋಗಲಿ. ನಾಳೆ ಮನೆ ಕಟ್ಟುವಾಗ ಆ ಮನುಷ್ಯ ಅದೇ ಅಂಗಡಿಗೆ ಬಂದಾನು.