ಎರಡನೆಯ ಸ್ಕ್ಯಾನರಿಗೆ ಮುನ್ನ

ಪ್ರೆಸ್ ನಡೆಸುವ ನಮ್ಮ ಸದಸ್ಯರಿಗೆ ಡೈ ಬದಲಿಸುವ ಹೊತ್ತಿನ ನಷ್ಟವನ್ನು ವಿವರಿಸಬೇಕಾಗಿಲ್ಲ. 1969ರಲ್ಲಿ ಟೊಯೊಟಾದ 1,000 ಟನ್ ಪ್ರೆಸ್ಸಿನಲ್ಲಿ ಈ ಕೆಲಸಕ್ಕೆ 4 ಗಂಟೆ ಹಿಡಿಯುತ್ತಿತ್ತು. ಶಿಗೆಯೊ ಶಿಂಗೊ ಅವರ ಮಾರ್ಗದರ್ಶನದಲ್ಲಿ ಅದು ಮೊದಲು 90 ನಿಮಿಷಕ್ಕೂ ಅನಂತರ 3 ನಿಮಿಷಕ್ಕೂ ಇಳಿಯಿತು. ಯಂತ್ರ ನಿಂತಾಗ ಮಾಡುತ್ತಿದ್ದ ಸಿದ್ಧತೆಯನ್ನು ಅದು ಓಡುತ್ತಿರುವಾಗಲೇ ಮುಗಿಸಿಡುವುದು ಅವರ ಉಪಾಯ. ಇಂದು ಲೀನ್ ನಿರ್ವಹಣೆಯೆಂದು ಹೆಸರಾದ ಪದ್ಧತಿಯಲ್ಲಿ ಇದೂ ಒಂದು.

ಆಸ್ಪತ್ರೆಯ ಎಂ.ಆರ್.ಐ. ವಿಭಾಗವನ್ನು ಇದೇ ಕಣ್ಣಿನಿಂದ ನೋಡಬೇಕು. ಒಡವೆ ತೆಗೆಸುವುದು, ಉಡುಪು ಬದಲಿಸುವುದು, ದೇಹದಲ್ಲಿ ಪೇಸ್‌ಮೇಕರ್ ಅಥವಾ ಲೋಹದ ಚೂರು ಇದೆಯೇ ಎಂದು ವಿಚಾರಿಸುವುದು, ಕಾಂಟ್ರಾಸ್ಟ್ ಚುಚ್ಚುಮದ್ದಿಗಾಗಿ ನರಕ್ಕೆ ಸೂಜಿ ಹಾಕುವುದು ಇವೆಲ್ಲವೂ ಹಿಂದಿನವರ ಸ್ಕ್ಯಾನ್ ನಡೆಯುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಮುಗಿಯಬಹುದಾದ ಕೆಲಸಗಳು. ಯಂತ್ರ ತೆರವಾದ ಮೇಲೆ ಇವನ್ನು ಆರಂಭಿಸಿದರೆ ಕೋಟ್ಯಂತರ ರೂಪಾಯಿಯ ಬಂಡವಾಳ ಬರಿದೆ ಕಾಯುತ್ತದೆ. ಕಾಂತವನ್ನು ತಂಪಾಗಿಡುವ ಉಪಕರಣಕ್ಕೆ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಬ್ಯಾಂಕಿನ ಕಂತಿಗೂ ಬಿಡುವಿಲ್ಲ. ಹೊರಗೆ ಕುಳಿತ ಕೂಲಿಕಾರನು ಕಳೆದುಕೊಂಡ ದಿನದ ದುಡಿಮೆಯಂತೂ ಯಾವ ಲೆಕ್ಕಪುಸ್ತಕಕ್ಕೂ ಏರದು.

ಸರದಿ ಉದ್ದವಾದೊಡನೆ ಎರಡನೆಯ ಯಂತ್ರ ಕೊಳ್ಳುವ ಆತುರ ನನಗೆ ಸಮ್ಮತವಲ್ಲ. ಅದರ ಬಡ್ಡಿ ರೋಗಿಯ ಬಿಲ್ಲಿನ ಮೇಲೆಯೇ ಬೀಳುತ್ತದೆ. ಆಸ್ಪತ್ರೆಯವರು ಮೊದಲು ಒಂದು ವಾರ, ಒಬ್ಬ ರೋಗಿ ಮೇಜಿನಿಂದಿಳಿದ ಹೊತ್ತಿಗೂ ಮುಂದಿನವರ ಸ್ಕ್ಯಾನ್ ಆರಂಭವಾದ ಹೊತ್ತಿಗೂ ನಡುವಿನ ಅಂತರವನ್ನು ಬರೆದಿಡಲಿ.

ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಮುಖ್ಯಸ್ಥರು ಈ ಪದ್ಧತಿಯನ್ನು ಕಲಿಯಲು 2002ರಲ್ಲಿ ಜಪಾನಿಗೇ ಹೋಗಿದ್ದರು. ನಮಗೆ ಟೊಯೊಟಾ ಕಾರ್ಖಾನೆ ಬಿಡದಿಯಲ್ಲೇ ಇದೆ.

ಒಂದು ಎಚ್ಚರಿಕೆ: ಲೋಹದ ವಿಚಾರಣೆಯನ್ನು ಸ್ಕ್ಯಾನರಿನ ಬಾಗಿಲಲ್ಲಿ ಮತ್ತೊಮ್ಮೆ ಮಾಡಲೇಬೇಕು, ಆ ನಿಮಿಷವನ್ನು ಉಳಿಸಹೊರಡಬಾರದು.